ಬೀಳಗಿಯಿಂದ ಬಾಂಬೆಗೆ: ಅಮೀರಬಾಯಿ ಎಂಬ ದನಿ

ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೂ ಹಲವು ದಶಕಗಳ ಮೊದಲೇ ಆ ಹೆಸರನ್ನು ತಮ್ಮ ಹೆಸರಿನ ಜೊತೆ ಸೇರಿಸಿಕೊಂಡು ಹಿಂದಿ ಚಿತ್ರರಂಗದಲ್ಲಿ ಮೆರೆದವರು ಅಮೀರಬಾಯಿ ಕರ್ನಾಟಕಿ. ಹಾಡಿದರು, ನಟಿಸಿದರು, ಸಿನಿಮಾಕ್ಕೆ ಸಂಗೀತವನ್ನೂ ನೀಡಿದರು. ಇಂದು ನಮ್ಮ ವಯಸ್ಸಿನವರಲ್ಲಿ ಅವರ ಹೆಸರು ಕೇಳಿದವರೇ ಕಡಿಮೆ. ಕೆಲಸದ ಸ್ವರೂಪ ಐದು ವರ್ಷಕ್ಕೊಮ್ಮೆ ಬದಲಾಗುವ ಈ ಕಾಲದಲ್ಲಿ ಅವರ ಬದುಕನ್ನು ಒಮ್ಮೆ ತಿರುಗಿ ನೋಡಬೇಕು. ಏಕೆಂದರೆ ಅವರ ವೃತ್ತಿಯೂ ಅವರ ಕಣ್ಣೆದುರೇ ಮತ್ತೆ ಮತ್ತೆ ಬದಲಾಯಿತು.

ಅಮೀರಬಾಯಿ ಹುಟ್ಟಿದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ. ಆಗ ಅದು ವಿಜಾಪುರ ಜಿಲ್ಲೆಗೆ ಸೇರಿತ್ತು, ಜಿಲ್ಲೆ ಬಾಂಬೆ ಪ್ರಾಂತ್ಯಕ್ಕೆ ಸೇರಿತ್ತು. ಮನೆಯಲ್ಲಿ ಸಂಗೀತ ಮತ್ತು ನಾಟಕದ ವಾತಾವರಣ. ಹೆಣ್ಣುಮಕ್ಕಳು ಬಣ್ಣ ಹಚ್ಚುವುದನ್ನು ಸಮಾಜ ಗೌರವದಿಂದ ಕಾಣದ ಆ ದಿನಗಳಲ್ಲಿ ಅಮೀರಬಾಯಿ ಮತ್ತು ಅಕ್ಕ ಗೋಹರಬಾಯಿ ಇಬ್ಬರೂ ರಂಗಭೂಮಿಯಲ್ಲಿ ಹೆಸರು ಮಾಡಿದರು. ಗೋಹರಬಾಯಿ ಮುಂದೆ ಮರಾಠಿ ರಂಗಭೂಮಿಯ ಮೇರುನಟ ಬಾಲಗಂಧರ್ವರ ಜೊತೆ ನಟಿಸಿದರು. ಮೈಕ್ ಇಲ್ಲದ ರಂಗಮಂದಿರದಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಹಾಡಬೇಕಿತ್ತು. ಕಂಪನಿ ನಾಟಕವೇ ಆ ಕಾಲದ ಕಲಾವಿದರ ಕಾಲೇಜು. ಹಾಡು, ಮಾತು, ಅಭಿನಯ ಮೂರನ್ನೂ ಅಲ್ಲಿ ಒಟ್ಟಿಗೇ ಕಲಿಯಬೇಕಿತ್ತು.

1931ರಲ್ಲಿ ಸಿನಿಮಾಕ್ಕೆ ಮಾತು ಬಂತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡದ್ದು 1934ರಲ್ಲಿ. ಅದರ ಚಿತ್ರೀಕರಣಕ್ಕೂ ಕೊಲ್ಹಾಪುರಕ್ಕೆ ಹೋಗಬೇಕಾಯಿತು. ಅಂದರೆ ಕನ್ನಡದಲ್ಲಿ ಸಿನಿಮಾವನ್ನೇ ನಂಬಿ ಬದುಕುವ ಅವಕಾಶ ಆಗ ಇನ್ನೂ ಇರಲಿಲ್ಲ. ಅದೇ ವರ್ಷ ಅಮೀರಬಾಯಿ ‘ವಿಷ್ಣು ಭಕ್ತಿ’ ಎಂಬ ಹಿಂದಿ ಚಿತ್ರದ ಮೂಲಕ ಬೆಳ್ಳಿತೆರೆಗೆ ಬಂದರು. ಆಗಿನ ನಟರು ಕ್ಯಾಮೆರಾ ಎದುರು ತಾವೇ ಹಾಡಬೇಕಿತ್ತು. ವಾದ್ಯದವರು ಚೌಕಟ್ಟಿನ ಆಚೆ ಮರೆಯಲ್ಲಿ ಕೂತು ನುಡಿಸುತ್ತಿದ್ದರು. ಹಾಡಲು ಬಾರದವರಿಗೆ ಮುಖ್ಯ ಪಾತ್ರ ಸಿಗುವುದು ಕಷ್ಟವಿತ್ತು. ರಂಗಭೂಮಿಯಲ್ಲಿ ಪಳಗಿದ ಅಮೀರಬಾಯಿ ಅವರಿಗೆ ಇದು ಅನುಕೂಲವೇ ಆಯಿತು. ಆದರೂ ಯಶಸ್ಸು ಕೂಡಲೇ ಕೈಹಿಡಿಯಲಿಲ್ಲ. ಸಣ್ಣ ಪುಟ್ಟ ಪಾತ್ರ, ಒಂದೆರಡು ಹಾಡು, ಹೀಗೆಯೇ ವರ್ಷಗಳು ಉರುಳಿದವು. 1940ರಲ್ಲಿ ಬಂದ ‘ನರಸಿ ಭಗತ್’ ಚಿತ್ರದಲ್ಲಿ ಗಾಂಧೀಜಿಗೆ ಪ್ರಿಯವಾಗಿದ್ದ ‘ವೈಷ್ಣವ ಜನ ತೋ’ ಭಜನೆಯನ್ನು ಹಾಡಿದಾಗ ಜನ ಈ ದನಿಯತ್ತ ಕಿವಿಗೊಟ್ಟರು.

ಅಷ್ಟರಲ್ಲಿ ವೃತ್ತಿಯೇ ಮಗ್ಗುಲು ಬದಲಿಸಿತ್ತು. 1935ರಿಂದ ಹಿನ್ನೆಲೆ ಗಾಯನ ಶುರುವಾಗಿ, ಒಬ್ಬರು ನಟಿಸಿ ಇನ್ನೊಬ್ಬರು ಹಾಡುವ ಪದ್ಧತಿ ನಿಧಾನವಾಗಿ ನೆಲೆಯೂರುತ್ತಿತ್ತು. ನಟಿಯಾಗಿ ಬಂದವರಿಗೆ ತೆರೆಯ ಹಿಂದೆ ಸರಿಯುವುದು ಹಿನ್ನಡೆ ಎನಿಸಬಹುದಿತ್ತು. ಅಮೀರಬಾಯಿ ಅದನ್ನೇ ತಮ್ಮ ದೊಡ್ಡ ಅವಕಾಶವಾಗಿ ಮಾಡಿಕೊಂಡರು. 1943ರಲ್ಲಿ ಬಾಂಬೆ ಟಾಕೀಸ್‌ನ ‘ಕಿಸ್ಮತ್’ ಬಂತು. ಸಂಗೀತ ಅನಿಲ್ ಬಿಸ್ವಾಸ್ ಅವರದು, ಗೀತೆಗಳು ಪ್ರದೀಪ್ ಅವರವು. ತೆರೆಯ ಮೇಲೆ ಮುಮ್ತಾಜ್ ಶಾಂತಿ, ತೆರೆಯ ಹಿಂದೆ ಅಮೀರಬಾಯಿ. ಕಲ್ಕತ್ತದ ರಾಕ್ಸಿ ಚಿತ್ರಮಂದಿರದಲ್ಲಿ ಈ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು.

ಈ ಚಿತ್ರದ ‘ದೂರ್ ಹಟೋ’ ಗೀತೆಯನ್ನು ಅವರು ಖಾನ್ ಮಸ್ತಾನಾ ಜೊತೆ ಹಾಡಿದರು. ಕ್ವಿಟ್ ಇಂಡಿಯಾ ಚಳವಳಿಯ ಕಾವು ಆರಿರಲಿಲ್ಲ, ನಾಯಕರು ಜೈಲಿನಲ್ಲಿದ್ದರು. ಹಾಡಿನಲ್ಲಿ ಜರ್ಮನಿ, ಜಪಾನಿನ ಹೆಸರಿದ್ದುದರಿಂದ ಬ್ರಿಟಿಷರ ಸೆನ್ಸಾರ್ ಅದನ್ನು ಯುದ್ಧಪರ ಗೀತೆಯೆಂದು ಬಿಟ್ಟುಕೊಟ್ಟಿತು. ಹಾಡು ಯಾರಿಗೆ ಹೊರಟುಹೋಗಿ ಎನ್ನುತ್ತಿದೆ ಎಂಬುದು ಪ್ರೇಕ್ಷಕರಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಬೀಳಗಿಯ ದನಿಯೊಂದು ಹೀಗೆ ಸ್ವಾತಂತ್ರ್ಯದ ಕೂಗಿನೊಳಗೆ ಸೇರಿಹೋಯಿತು.

ಮರುವರ್ಷ ನೌಷಾದ್ ಸಂಗೀತದ ‘ರತನ್’ ಚಿತ್ರದ ವಿರಹಗೀತೆ ಮನೆಮಾತಾಯಿತು. 1946ರ ಗುಜರಾತಿ ಚಿತ್ರ ‘ರಾಣಕದೇವಿ’ಗೆ ಹಾಡಿದ ಗೀತೆಯನ್ನು ಗುಜರಾತಿಗಳು ತಮ್ಮದೇ ಮನೆಯ ಹಾಡೆಂಬಂತೆ ಅಪ್ಪಿಕೊಂಡರು. ಹಿಂದಿ, ಗುಜರಾತಿ ಅವರ ತಾಯ್ನೆಲದ ಮಾತುಗಳಲ್ಲ. ಕಲಿತು, ನಾಲಿಗೆ ಪಳಗಿಸಿಕೊಂಡು ಹಾಡಿದ್ದು. 1948ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟು ‘ಶಹನಾಜ್’ ಚಿತ್ರಕ್ಕೆ ಸಂಗೀತ ನಿರ್ದೇಶನ ಮಾಡಿದರು. ಆ ಕುರ್ಚಿಯಲ್ಲಿ ಕೂತ ಮಹಿಳೆಯರು ಆಗ ಬೆರಳೆಣಿಕೆಯಷ್ಟು. ಇಂದಿಗೂ ಆ ಸಂಖ್ಯೆ ಹೆಚ್ಚೇನೂ ಬೆಳೆದಿಲ್ಲ ಎಂಬುದನ್ನು ನೆನೆದರೆ ಆ ಹೆಜ್ಜೆಯ ತೂಕ ಗೊತ್ತಾಗುತ್ತದೆ.

ಇಷ್ಟೆಲ್ಲ ಹೆಸರು, ಹಣ ಬಂದಾಗಲೂ ಮನೆಯೊಳಗಿನ ಬದುಕು ಸುಖವಾಗಿರಲಿಲ್ಲ. ಖಳನಟ ಹಿಮಾಲಯವಾಲಾ ಜೊತೆಗಿನ ದಾಂಪತ್ಯ ನೋವನ್ನೇ ಕೊಟ್ಟಿತು. ಸ್ವಂತ ದುಡಿಮೆಯಿದ್ದ ಹೆಣ್ಣಿಗೂ ಆ ಬಂಧನದಿಂದ ಹೊರಬರುವುದು ಸುಲಭವಾಗಲಿಲ್ಲ. ಆದರೂ ಅವರು ಹೊರಬಂದರು, ಕೆಲಸ ಬಿಡಲಿಲ್ಲ, ಮುಂದೆ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾಗಿ ಹೊಸ ಬದುಕು ಕಟ್ಟಿಕೊಂಡರು.

ನಂತರ ಬಂದದ್ದು ಮತ್ತೊಂದು ತಿರುವು. 1949ರಲ್ಲಿ ‘ಮಹಲ್’, ‘ಬರಸಾತ್’ ಚಿತ್ರಗಳೊಂದಿಗೆ ಲತಾ ಮಂಗೇಶ್ಕರ್ ಯುಗ ಆರಂಭವಾಯಿತು. ಮೈಕ್ ಮುಂದೆ ತೆಳುವಾಗಿ, ಎತ್ತರದ ಶ್ರುತಿಯಲ್ಲಿ ಹಾಡುವ ಶೈಲಿ ಜನರ ಮನಗೆದ್ದಿತು. ರಂಗಭೂಮಿಯ ಗಟ್ಟಿ ಕಂಠದ ಗಾಯಕಿಯರಿಗೆ ಬೇಡಿಕೆ ಕುಸಿಯಿತು. ಅಮೀರಬಾಯಿ ಕೆಟ್ಟದಾಗಿ ಹಾಡಿದ್ದಕ್ಕೆ ಅವಕಾಶ ಕಳೆದುಕೊಂಡದ್ದಲ್ಲ, ಕೇಳುವವರ ಕಿವಿ ಬದಲಾಗಿತ್ತು. ಪ್ರತಿಭೆ ಇದ್ದರೆ ಸಾಕು, ಕೆಲಸ ತಾನಾಗಿ ಉಳಿಯುತ್ತದೆ ಎಂದು ನಂಬಿದವರು ಇದನ್ನು ಗಮನಿಸಬೇಕು. ಆಗ ಅವರ ಕೈಹಿಡಿದದ್ದು ಮೊದಲು ಕಲಿತಿದ್ದ ಅಭಿನಯ. ಹಾಡು ಕಡಿಮೆಯಾದಾಗ ಪೋಷಕ ಪಾತ್ರಗಳಲ್ಲಿ ನಟಿಸುತ್ತ ದುಡಿಮೆ ಮುಂದುವರಿಸಿದರು. ನಾಯಕಿಯರಿಗೆ ದನಿ ಕೊಟ್ಟವರು ಈಗ ತೆರೆಯ ಅಂಚಿನಲ್ಲಿ ನಿಲ್ಲಬೇಕಾಯಿತು. ಮನಸ್ಸಿಗೆ ನೋವಾಗದೆ ಇದ್ದೀತೇ? ಆದರೂ ನಿಂತರು.

1965ರ ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ವಿಜಯಪುರದ ಅಮೀರ್ ಟಾಕೀಸ್ ಅವರ ಹೆಸರನ್ನು ಉಳಿಸಿತು. ಮುಂದೆ ಸಂಶೋಧಕ ರಹಮತ್ ತರೀಕೆರೆ ಅವರ ಬದುಕನ್ನು ಕನ್ನಡದಲ್ಲಿ ಪುಸ್ತಕವಾಗಿಸಿದರು.

ಒಂದು ಕೆಲಸ ಕೈತಪ್ಪಿದರೆ ಬದುಕೇ ಮುಗಿಯಿತು ಎಂದು ನಾವು ಕಂಗಾಲಾಗುತ್ತೇವೆ. ನಾಟಕದಿಂದ ಸಿನಿಮಾಕ್ಕೆ, ನಟನೆಯಿಂದ ಹಿನ್ನೆಲೆ ಗಾಯನಕ್ಕೆ, ಅಲ್ಲಿಂದ ಸಂಗೀತ ನಿರ್ದೇಶನಕ್ಕೆ, ಕೊನೆಗೆ ಮತ್ತೆ ನಟನೆಗೆ ಅಮೀರಬಾಯಿ ನಡೆದರು. ಪ್ರತಿ ತಿರುವಿನಲ್ಲೂ ಗೆಲುವು ಸಿಕ್ಕಿತು ಎನ್ನಲಾಗದು. ಆದರೆ ಪ್ರತಿ ತಿರುವಿನಲ್ಲೂ ಕೈಯಲ್ಲೊಂದು ವಿದ್ಯೆಯಿತ್ತು. ಕಾಲ ಯಾವುದನ್ನು ಬೇಡ ಎನ್ನುತ್ತದೋ ಮೊದಲೇ ತಿಳಿಯದು. ಅದಕ್ಕೇ ಒಂದಕ್ಕಿಂತ ಹೆಚ್ಚು ಕಲಿತಿರಬೇಕು ಎಂಬುದು ಅವರ ಬದುಕು ಹೇಳುವ ಪಾಠ.