ಎಂಆರ್‌ಐಗೆ ಬೀಜ ಬಿತ್ತಿದ ಭೌತವಿಜ್ಞಾನಿ ಇಸಿಡೋರ್ ರಾಬಿ

ಬೆನ್ನುನೋವು ತಾಳಲಾರದೆ ವೈದ್ಯರಲ್ಲಿಗೆ ಹೋದವರಿಗೆ ಎಂಆರ್‌ಐ ಸ್ಕ್ಯಾನ್ ಮಾಡಿಸಿಕೊಂಡು ಬರುವಂತೆ ಸೂಚಿಸುವುದು ಇಂದು ನಗರಗಳಲ್ಲಿ ಸಾಮಾನ್ಯ ಸಂಗತಿ. ಕೊಳವೆಯಂಥ ಯಂತ್ರದೊಳಗೆ ಅಲುಗಾಡದೆ ಮಲಗಿ, ಕಿವಿಗಡಚಿಕ್ಕುವ ಸದ್ದನ್ನು ಸಹಿಸಿಕೊಂಡು ಹೊರಬರುವ ರೋಗಿಗೆ ಆ ಯಂತ್ರದ ಮೂಲಪುರುಷ ಯಾರೆಂಬುದು ತಿಳಿದಿರಲಿಕ್ಕಿಲ್ಲ. ಆ ಮೂಲಪುರುಷನಿಗೂ ತನ್ನ ಸಂಶೋಧನೆ ಮುಂದೊಂದು ದಿನ ಆಸ್ಪತ್ರೆಯ ಬಾಗಿಲು ತಟ್ಟಲಿದೆ ಎಂಬ ಕಲ್ಪನೆ ಇರಲಿಲ್ಲ. ಅವರೇ 1944ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಪುರಸ್ಕೃತ ಇಸಿಡೋರ್ ಐಸಾಕ್ ರಾಬಿ.

ಬಡತನದ ಬಾಲ್ಯ

ರಾಬಿ ಜನಿಸಿದ್ದು 1898ರ ಜುಲೈ 29ರಂದು, ಅಂದಿನ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದ ಗಲೀಷಿಯಾದ ರಿಮಾನೋವ್ ಎಂಬ ಪುಟ್ಟ ಊರಿನಲ್ಲಿ. ಇಂದು ಅದು ಪೋಲೆಂಡಿನ ಭಾಗ. ಕೂಸಾಗಿದ್ದಾಗಲೇ ಕುಟುಂಬ ಅಮೆರಿಕಕ್ಕೆ ವಲಸೆ ಬಂದು ನ್ಯೂಯಾರ್ಕಿನ ಬಡ ಯಹೂದಿಗಳ ಕೇರಿಯಲ್ಲಿ ನೆಲೆಸಿತು. ತಂದೆ ಬಟ್ಟೆ ಹೊಲಿಯುವ ಕೆಲಸ ಮಾಡಿ, ಆನಂತರ ಕಿರಾಣಿ ಅಂಗಡಿ ಇಟ್ಟು ಸಂಸಾರ ಸಾಗಿಸಿದರು. ಶಾಲೆಗೆ ಸೇರಿಸುವಾಗ ತಾಯಿ ಮನೆಯಲ್ಲಿ ಕರೆಯುತ್ತಿದ್ದ ‘ಇಜ್ಜಿ’ ಎಂಬ ಹೆಸರನ್ನು ಹೇಳಿದರು. ಅದು ಇಸಿಡೋರ್ ಇರಬೇಕೆಂದು ಭಾವಿಸಿದ ಶಾಲೆಯವರು ಹಾಗೆಯೇ ಬರೆದುಕೊಂಡರು. ಹುಟ್ಟಿದಾಗ ಇಟ್ಟ ಇಸ್ರೇಲ್ ಎಂಬ ಹೆಸರು ಅಲ್ಲಿಗೆ ಮರೆಯಾಯಿತು.

ಮನೆಯಲ್ಲಿ ಕಟ್ಟುನಿಟ್ಟಾದ ಧಾರ್ಮಿಕ ವಾತಾವರಣ. ಬಾಲಕನಿಗೆ ಗ್ರಂಥಾಲಯದಲ್ಲಿ ದೊರೆತ ಖಗೋಳವಿಜ್ಞಾನದ ಪುಸ್ತಕ ಬೇರೊಂದು ಲೋಕವನ್ನು ತೆರೆದು ತೋರಿಸಿತು. ಯಹೂದಿ ಬಾಲಕರು 13ನೇ ವಯಸ್ಸಿಗೆ ನಡೆಸುವ ಧಾರ್ಮಿಕ ಸಂಸ್ಕಾರದಲ್ಲಿ ರಾಬಿ ಮಾಡಿದ ಭಾಷಣದ ವಿಷಯ ವಿದ್ಯುದ್ದೀಪ ಹೇಗೆ ಉರಿಯುತ್ತದೆ ಎಂಬುದಾಗಿತ್ತು! ಶಾಲೆಯಿಂದ ಬಂದ ಮಗನನ್ನು ತಾಯಿ ಇಂದು ಏನು ಕಲಿತೆ ಎಂದು ವಿಚಾರಿಸುತ್ತಿರಲಿಲ್ಲವಂತೆ. ಒಳ್ಳೆಯ ಪ್ರಶ್ನೆ ಕೇಳಿದೆಯಾ ಎಂದು ವಿಚಾರಿಸುತ್ತಿದ್ದರಂತೆ. ತಾವು ವಿಜ್ಞಾನಿಯಾದದ್ದು ಅದರಿಂದಲೇ ಎಂದು ರಾಬಿ ನೆನೆಯುತ್ತಿದ್ದರು.

ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1919ರಲ್ಲಿ ರಸಾಯನವಿಜ್ಞಾನದ ಪದವಿ ಪಡೆದರೂ ತಕ್ಕ ಉದ್ಯೋಗ ಸಿಗಲಿಲ್ಲ. ಮೂರು ವರ್ಷ ಅತ್ತಿತ್ತ ಅಲೆದು ಮತ್ತೆ ಓದಿಗೆ ಮರಳಿದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹರಳುಗಳ ಕಾಂತೀಯ ಗುಣವನ್ನು ಕುರಿತ ಪ್ರಬಂಧಕ್ಕೆ 1927ರಲ್ಲಿ ಡಾಕ್ಟರೇಟ್ ದೊರೆಯಿತು. ಪ್ರಬಂಧವನ್ನು ಒಪ್ಪಿಸಿದ ಮರುದಿನವೇ ಹೆಲೆನ್ ನ್ಯೂಮಾರ್ಕ್ ಅವರ ಕೈಹಿಡಿದರು.

ಪರಮಾಣು ಬೀಜದ ಬೆನ್ನು ಹತ್ತಿ

ಹೊಸ ಭೌತವಿಜ್ಞಾನ ಆಗ ಯುರೋಪಿನಲ್ಲಿ ಅರಳುತ್ತಿತ್ತು. ಅಲ್ಲಿಗೆ ತೆರಳಿದ ರಾಬಿ ಹ್ಯಾಂಬರ್ಗಿನಲ್ಲಿ ಒಟ್ಟೊ ಸ್ಟರ್ನ್ ಅವರ ಪ್ರಯೋಗಶಾಲೆಯಲ್ಲಿ ಅಣುಗಳ ಧಾರೆಯನ್ನು ನಿರ್ವಾತದಲ್ಲಿ ಹರಿಸಿ ಅಯಸ್ಕಾಂತದಿಂದ ಬಾಗಿಸುವ ವಿದ್ಯೆಯನ್ನು ಕರಗತ ಮಾಡಿಕೊಂಡರು. 1929ರಲ್ಲಿ ಕೊಲಂಬಿಯಾಕ್ಕೆ ಅಧ್ಯಾಪಕರಾಗಿ ಮರಳಿದರು. ಯಹೂದಿಗಳಿಗೆ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಬೋಧಕ ಹುದ್ದೆ ದೊರೆಯುವುದು ದುರ್ಲಭವಾಗಿದ್ದ ಕಾಲವದು. ಸಹೋದ್ಯೋಗಿ ಹೆರಾಲ್ಡ್ ಯೂರಿ ತಮಗೆ ಬಂದ ಸಂಶೋಧನಾ ಧನದಲ್ಲಿ ಅರ್ಧವನ್ನು ರಾಬಿಯವರ ಪ್ರಯೋಗಶಾಲೆಗೆ ಬಿಟ್ಟುಕೊಟ್ಟು ಔದಾರ್ಯ ಮೆರೆದರು.

ರಾಬಿ ಹಿಡಿದದ್ದು ಸೂಕ್ಷ್ಮವಾದ ಪ್ರಶ್ನೆ. ಪರಮಾಣುವಿನ ನಡುವಿನ ಬೀಜ ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಅದರ ಬಲ ಎಷ್ಟು? ಕಾಂತಕ್ಷೇತ್ರದಲ್ಲಿಟ್ಟಾಗ ಈ ಬೀಜ ವಾಲಿದ ಬುಗುರಿಯಂತೆ ನಿರ್ದಿಷ್ಟ ವೇಗದಲ್ಲಿ ತೊನೆಯುತ್ತದೆ. ಅದೇ ಕಂಪನಾಂಕದ ರೇಡಿಯೊ ತರಂಗವನ್ನು ಹಾಯಿಸಿದರೆ ಬೀಜವು ಶಕ್ತಿ ಹೀರಿ ಮಗುಚಿಕೊಳ್ಳುತ್ತದೆ. ಕಂಪನಾಂಕ ಹೊಂದದಿದ್ದರೆ ಏನೂ ಆಗದು. ಈ ಹೊಂದಾಣಿಕೆಯೇ ಕಾಂತೀಯ ಅನುರಣನ. ಲಿಥಿಯಂ ಕ್ಲೋರೈಡಿನ ಅಣುಗಳ ಧಾರೆಯಲ್ಲಿ ಇದನ್ನು ಕಂಡ ರಾಬಿ ಮತ್ತು ಸಂಗಡಿಗರು 1938ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ವರ್ಷಗಳ ನಂತರದ ನೊಬೆಲ್ ಪ್ರಶಸ್ತಿ ರಾಬಿ ಒಬ್ಬರಿಗೇ ಸಂದಿತು.

ಯುದ್ಧ ಮತ್ತು ಆತ್ಮಸಾಕ್ಷಿ

ಎರಡನೇ ಮಹಾಯುದ್ಧ ರಾಬಿಯವರನ್ನು ಪ್ರಯೋಗಶಾಲೆಯಿಂದ ಹೊರಗೆಳೆಯಿತು. ಎಂಐಟಿಯಲ್ಲಿ ರೇಡಾರ್ ಅಭಿವೃದ್ಧಿಯ ಹೊಣೆಹೊತ್ತರು. ಪರಮಾಣು ಬಾಂಬ್ ಯೋಜನೆಯಲ್ಲಿ ತಮ್ಮ ಉಪನಿರ್ದೇಶಕರಾಗುವಂತೆ ಗೆಳೆಯ ರಾಬರ್ಟ್ ಒಪೆನ್‌ಹೈಮರ್ ನೀಡಿದ ಆಹ್ವಾನವನ್ನು ನಿರಾಕರಿಸಿ, ಸಲಹೆಗಾರರಾಗಿ ಮಾತ್ರ ಹೋಗಿಬರುತ್ತಿದ್ದರು. 1945ರ ಜುಲೈನಲ್ಲಿ ನಡೆದ ಮೊದಲ ಬಾಂಬ್ ಪರೀಕ್ಷೆಯನ್ನು ಕಣ್ಣಾರೆ ಕಂಡರು. ಸ್ಫೋಟದ ಬಲವೆಷ್ಟೆಂದು ವಿಜ್ಞಾನಿಗಳು ಕಟ್ಟಿದ ಪಂದ್ಯವನ್ನು ಗೆದ್ದವರೂ ಅವರೇ. ತಡವಾಗಿ ಬಂದವರಿಗೆ ಉಳಿದಿದ್ದ 18 ಕಿಲೋಟನ್ ಎಂಬ ಅಂಕಿಯೇ ನಿಜಕ್ಕೆ ಹತ್ತಿರವಾಗಿತ್ತು.

ಆದರೆ ಆ ಗೆಲುವು ಅವರಿಗೆ ನೆಮ್ಮದಿ ತರಲಿಲ್ಲ. 1949ರಲ್ಲಿ ಹೈಡ್ರೋಜನ್ ಬಾಂಬ್ ಪ್ರಶ್ನೆ ಎದುರಾದಾಗ, ಅದು ಯಾವ ದೃಷ್ಟಿಯಿಂದ ನೋಡಿದರೂ ಕೇಡಿನದೇ ಎಂದು ಎನ್ರಿಕೊ ಫರ್ಮಿ ಜೊತೆಗೂಡಿ ಸರ್ಕಾರಕ್ಕೆ ಲಿಖಿತವಾಗಿ ತಿಳಿಸಿದರು. ಸರ್ಕಾರ ಕಿವಿಗೊಡಲಿಲ್ಲ. ಒಪೆನ್‌ಹೈಮರ್ ನಿಷ್ಠೆಯನ್ನು ಶಂಕಿಸಿ 1954ರಲ್ಲಿ ವಿಚಾರಣೆ ನಡೆದಾಗ ಗೆಳೆಯನ ಪರ ದೃಢವಾಗಿ ಸಾಕ್ಷ್ಯ ನುಡಿದರು. ಯುದ್ಧದಿಂದ ನಲುಗಿದ ಯುರೋಪಿನ ರಾಷ್ಟ್ರಗಳು ಒಂದಾಗಿ ಸಂಶೋಧನಾ ಕೇಂದ್ರ ಕಟ್ಟಬೇಕೆಂದು 1950ರ ಯುನೆಸ್ಕೊ ಸಮ್ಮೇಳನದಲ್ಲಿ ಅವರು ಮಂಡಿಸಿದ ನಿರ್ಣಯ, ಇಂದು ವಿಶ್ವಖ್ಯಾತವಾಗಿರುವ ಸರ್ನ್ ಸ್ಥಾಪನೆಗೆ ನಾಂದಿಯಾಯಿತು.

ಪ್ರಯೋಗಶಾಲೆಯಿಂದ ಆಸ್ಪತ್ರೆಗೆ

ಇತ್ತ ರಾಬಿ ಬಿತ್ತಿದ ಬೀಜ ಮೊಳೆಯುತ್ತಿತ್ತು. ಫೆಲಿಕ್ಸ್ ಬ್ಲಾಕ್ ನೀರಿನಲ್ಲಿ, ಎಡ್ವರ್ಡ್ ಪರ್ಸೆಲ್ ಮೇಣದಲ್ಲಿ ಅನುರಣನವನ್ನು ಗುರುತಿಸಿ 1952ರ ನೊಬೆಲ್ ಹಂಚಿಕೊಂಡರು. ಹರಿಯುವ ದ್ರವಗಳಲ್ಲಿ ಈ ಅನುರಣನ ಹೇಗೆ ಬದಲಾಗುತ್ತದೆಂಬುದನ್ನು 1951ರಲ್ಲಿ ಮೊದಲಿಗೆ ತೋರಿಸಿಕೊಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ರಕ್ತದ ಹರಿವನ್ನು ಅಳೆಯುವ ವಿಧಾನಗಳಿಗೆ ಅದು ಆರಂಭಬಿಂದು.

ನಮ್ಮ ದೇಹದ ಬಹುಭಾಗ ನೀರು; ನೀರಿನಲ್ಲಿ ಹೈಡ್ರೋಜನ್ ಇದೆ. 1.5 ಟೆಸ್ಲಾ ಕಾಂತಕ್ಷೇತ್ರದಲ್ಲಿ ಹೈಡ್ರೋಜನ್ ಬೀಜಗಳು ಸುಮಾರು 64 ಮೆಗಾಹರ್ಟ್ಸ್ ತರಂಗಕ್ಕೆ ಓಗೊಡುತ್ತವೆ. ತರಂಗ ನಿಂತೊಡನೆ ಅವು ಮೊದಲಿನ ಸ್ಥಿತಿಗೆ ಮರಳುತ್ತ ಕ್ಷೀಣ ಸಂಕೇತ ಹೊಮ್ಮಿಸುತ್ತವೆ. ಕೊಬ್ಬು, ಸ್ನಾಯು, ಗಡ್ಡೆ ಇವುಗಳಲ್ಲಿ ಮರಳುವ ಅವಧಿ ಬೇರೆಬೇರೆ. 1971ರಲ್ಲಿ ರೇಮಂಡ್ ಡಮಾಡಿಯನ್ ಇಲಿಗಳ ಗಡ್ಡೆಗಳಲ್ಲಿ ಈ ವ್ಯತ್ಯಾಸ ಕಂಡರು. ಕಾಂತಕ್ಷೇತ್ರವನ್ನು ಜಾಗದಿಂದ ಜಾಗಕ್ಕೆ ಏರಿಳಿಸಿದರೆ ಸಂಕೇತ ಎಲ್ಲಿಂದ ಬಂತೆಂದು ತಿಳಿದು ಚಿತ್ರ ರಚಿಸಬಹುದೆಂದು 1973ರಲ್ಲಿ ಪಾಲ್ ಲಾಟರ್ಬರ್ ತೋರಿಸಿದರು. ಪೀಟರ್ ಮ್ಯಾನ್ಸ್‌ಫೀಲ್ಡ್ ಅದಕ್ಕೆ ವೇಗ ತಂದರು. ಇವರಿಬ್ಬರಿಗೆ 2003ರ ವೈದ್ಯಕೀಯ ನೊಬೆಲ್ ಸಂದಿತು. ತಮ್ಮನ್ನು ಕೈಬಿಟ್ಟದ್ದಕ್ಕೆ ಡಮಾಡಿಯನ್ ಪತ್ರಿಕೆಗಳಲ್ಲಿ ಜಾಹೀರಾತು ನೀಡಿ ಪ್ರತಿಭಟಿಸಿದರು.

ಎಕ್ಸ್-ರೇಯಂಥ ವಿಕಿರಣದ ಭಯ ಇಲ್ಲಿಲ್ಲ. ಮಿದುಳು, ಬೆನ್ನುಹುರಿ, ಜಾರಿದ ಡಿಸ್ಕ್, ಹರಿದ ಅಸ್ಥಿಬಂಧ ಮುಂತಾದ ಮೃದು ಭಾಗಗಳು ಸ್ಪಷ್ಟವಾಗಿ ಕಾಣುತ್ತವೆ. ಆದರೆ ಅಯಸ್ಕಾಂತ ಪ್ರಬಲವಾದುದರಿಂದ ಪೇಸ್‌ಮೇಕರ್ ಅಥವಾ ಲೋಹದ ಸಾಧನ ಅಳವಡಿಸಿಕೊಂಡವರು ಮುಂಚೆಯೇ ತಿಳಿಸುವುದು ಕಡ್ಡಾಯ. ಪರಮಾಣು ಬೀಜವನ್ನು ಸೂಚಿಸುವ ‘ನ್ಯೂಕ್ಲಿಯರ್’ ಪದ ರೋಗಿಗಳಲ್ಲಿ ಬಾಂಬಿನ ಭೀತಿ ಹುಟ್ಟಿಸೀತೆಂದು ಹೆಸರಿನಿಂದ ಅದನ್ನೇ ಕೈಬಿಡಲಾಯಿತು.

ಕೊನೆಯ ದಿನಗಳು

ಕ್ಯಾನ್ಸರ್ ಪೀಡಿತರಾಗಿದ್ದ ರಾಬಿ ತಮ್ಮ ಕೊನೆಯ ದಿನಗಳಲ್ಲಿ ಎಂಆರ್‌ಐ ಯಂತ್ರದೊಳಗೆ ಮಲಗಬೇಕಾಯಿತು. ಕೊಳವೆಯ ಹೊಳೆಯುವ ಒಳಮೈಯಲ್ಲಿ ಅವರಿಗೆ ತಮ್ಮದೇ ಮುಖ ಕಂಡಿತು. ತಮ್ಮ ಕೆಲಸ ಹೀಗೊಂದು ರೂಪ ತಳೆಯುವುದೆಂದು ಎಂದೂ ಎಣಿಸಿರಲಿಲ್ಲವೆಂದು ಆ ವೃದ್ಧ ವಿಜ್ಞಾನಿ ಬೆರಗಾಗಿದ್ದರು. 1988ರ ಜನವರಿ 11ರಂದು ನ್ಯೂಯಾರ್ಕಿನಲ್ಲಿ ನಿಧನರಾದಾಗ ಅವರಿಗೆ 89 ವರ್ಷ.

ಯಂತ್ರ ಅವರನ್ನು ಉಳಿಸಲಿಲ್ಲ. ಅದೇ ಯಂತ್ರದಿಂದ ಸಕಾಲಕ್ಕೆ ರೋಗ ಪತ್ತೆಯಾಗಿ ಬದುಕಿದವರು ಅಸಂಖ್ಯ. ಇದರಿಂದೇನು ಉಪಯೋಗ ಎಂದು ಕೇಳಿ 1930ರ ದಶಕದಲ್ಲಿ ರಾಬಿಯವರ ಪ್ರಯೋಗಶಾಲೆಗೆ ಹಣ ನಿಲ್ಲಿಸಿದ್ದರೆ, ಆ ಪ್ರಶ್ನೆಗೆ ಅಂದು ಅವರಲ್ಲಿಯೂ ಉತ್ತರವಿರಲಿಲ್ಲ. ಮೂಲ ವಿಜ್ಞಾನಕ್ಕೆ ಹಣ ಹಂಚುವ ಸ್ಥಾನದಲ್ಲಿರುವವರು ನೆನಪಿಡಬೇಕಾದ ಬದುಕಿದು.