ಇರುವೆ, ಕೋತಿ ಮತ್ತು ಫೇಲಾದ ಹುಡುಗ

ಅಮ್ಮ ಬಿಸಿಲಿಗೆ ಹಾಕಿದ ಹಪ್ಪಳ ತಿನ್ನಲು ನಮ್ಮ ಕಾಂಪೌಂಡ್ ಮೇಲೆ ದಿನಾ ಒಂದು ಅಳಿಲು ಬರುತ್ತದೆ. ಒಂದು ಹಪ್ಪಳದ ಅಂಚು ಕಚ್ಚುತ್ತದೆ, ಉಪ್ಪು ಸರಿಯಿಲ್ಲ ಎಂಬಂತೆ ಬಿಟ್ಟು ಪಕ್ಕದ್ದಕ್ಕೆ ಹೋಗುತ್ತದೆ. ಹತ್ತು ಹಪ್ಪಳದ ರುಚಿ ನೋಡಿದರೂ ಒಂದನ್ನೂ ಪೂರ್ತಿ ತಿನ್ನುವುದಿಲ್ಲ. ಕಳೆದ ಸೆಮಿಸ್ಟರ್‌ನಲ್ಲಿ ಮ್ಯಾಥ್ಸ್ ಬ್ಯಾಕ್ ಆದ ಮೇಲೆ ಇದನ್ನೆಲ್ಲ ನೋಡಲು ನನಗೆ ಧಾರಾಳ ಸಮಯ. ಪುಸ್ತಕ ತೆರೆದಿಟ್ಟು ಅಳಿಲು ನೋಡುತ್ತಾ ಕೂತವನಿಗೆ ಯಾವ ಕಂಪನಿ ಕೆಲಸ ಕೊಡುತ್ತದೆ ಎಂದು ಅಮ್ಮ ಕೇಳಿದ ದಿನ, ಬೇಜಾರಿನಲ್ಲಿ ಸೈಕಲ್ ಹತ್ತಿ ಯಾದವಗಿರಿಯ ಆರ್.ಕೆ. ನಾರಾಯಣ್ ಮನೆಗೆ ಹೋದೆ. ನಾನು ಹುಟ್ಟುವ ಮೊದಲೇ, 2001ರಲ್ಲಿ ತೀರಿಕೊಂಡವರು. ನನಗೆ ಅವರು ಅಲ್ಲಿಯವರೆಗೆ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಸೀರಿಯಲ್ಲಿನ ಹೆಸರು, ಅಷ್ಟೇ.

ಹುಟ್ಟಿದ್ದು 1906ರಲ್ಲಿ, ಮದರಾಸಿನಲ್ಲಿ. ಬಾಲ್ಯ ಕಳೆದದ್ದು ಅಲ್ಲಿನ ಪುರಸವಾಕ್ಕಂನಲ್ಲಿ ಅಜ್ಜಿಯ ಜೊತೆ. ಆಟಕ್ಕೆ ಇದ್ದ ಗೆಳೆಯರು ಒಂದು ನವಿಲು, ಒಂದು ಕೋತಿ. ಕೋತಿಗೆಂದೇ ಕಂಬದ ಮೇಲೆ ಗೂಡು ಕಟ್ಟಿಸಿದ್ದರೂ ಅದು ಒಳಗೆ ಹೋಗದೆ ಗೂಡಿನ ಚಾವಣಿಯ ಮೇಲೆ ಬಾಲ ಇಳಿಬಿಟ್ಟು ಕೂರುತ್ತಿತ್ತಂತೆ. ರಾಮ ಎಂದು ಕರೆದರೆ ಹಲ್ಲು ಕಿರಿಯುತ್ತಿತ್ತು. ನವಿಲು ಮಣ್ಣು ಕೆದರಿ ಹುಳ ಹುಡುಕುತ್ತಿದ್ದರೆ ಇದಕ್ಕೆ ಅದರ ಮೇಲೆ ಸದಾ ಒಂದು ಕಣ್ಣು. ದೊಡ್ಡವರಾದ ಮೇಲೆ ತಮ್ಮ ಜೀವನ ಬರೆಯಲು ಕೂತಾಗ ನಾರಾಯಣ್ ಪುಸ್ತಕ ಶುರು ಮಾಡಿದ್ದೇ ಈ ಇಬ್ಬರಿಂದ. ಅಪ್ಪ, ಅಮ್ಮ ಆಮೇಲೆ ಬರುತ್ತಾರೆ!

ಅಪ್ಪ ಮೈಸೂರಿನ ಮಹಾರಾಜಾ ಕಾಲೇಜು ಹೈಸ್ಕೂಲಿಗೆ ಹೆಡ್‌ಮಾಸ್ಟರ್ ಆಗಿ ಬಂದರು, ಮಗನೂ ಬಂದ. ಕಾಲೇಜು ಸೇರುವ ಪರೀಕ್ಷೆಯಲ್ಲಿ ಫೇಲಾದ. ಯಾವ ವಿಷಯದಲ್ಲಿ ಗೊತ್ತೇ? ಇಂಗ್ಲಿಷಿನಲ್ಲಿ. ಇದನ್ನು ಅಮ್ಮನಿಗೆ ಎರಡು ಸಲ ಹೇಳಿದ್ದೇನೆ, ಮ್ಯಾಥ್ಸ್ ಬೇರೆ ಇಂಗ್ಲಿಷ್ ಬೇರೆ ಎನ್ನುತ್ತಾರೆ. ಕೆಲಸವಿಲ್ಲದ ಆ ವರ್ಷವನ್ನು ಅವರು ಕುಕ್ಕರಹಳ್ಳಿ ಕೆರೆ ಸುತ್ತುತ್ತಾ, ಪುಸ್ತಕ ಓದುತ್ತಾ ಕಳೆದರು. ಕೊನೆಗೆ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದು 1930ರಲ್ಲಿ, ಆಗ ವಯಸ್ಸು ಇಪ್ಪತ್ತನಾಲ್ಕರ ಹತ್ತಿರ. ಚನ್ನಪಟ್ಟಣದಲ್ಲಿ ಸಿಕ್ಕ ಮೇಷ್ಟ್ರ ಕೆಲಸವನ್ನು ಕೆಲವೇ ದಿನಗಳಲ್ಲಿ ಬಿಟ್ಟು ಬಂದರು. ಬರೆದೇ ಬದುಕುತ್ತೇನೆ ಎಂದರು. ಮನೆಯವರ ಮುಖ ಹೇಗಾಗಿರಬೇಕು!

ಅವರು ಬರೆದ ಮೊದಲ ಕಾದಂಬರಿಯಲ್ಲಿ ಸ್ವಾಮಿ ಎಂಬ ಹುಡುಗ ಮನೆ ಮುಂದಿನ ಚರಂಡಿಯಲ್ಲಿ ಕಾಗದದ ದೋಣಿ ಬಿಟ್ಟು, ಅದರಲ್ಲಿ ಒಂದು ಇರುವೆ ಕೂರಿಸುತ್ತಾನೆ. ದೋಣಿ ಮುಳುಗುತ್ತದೆ. ಹುಡುಗ ಚಿಟಿಕೆ ಮಣ್ಣು ಹಾಕಿ ಇರುವೆಯ ಆತ್ಮಕ್ಕಾಗಿ ಪ್ರಾರ್ಥಿಸುತ್ತಾನೆ. ನಾನೂ ಚಿಕ್ಕಂದಿನಲ್ಲಿ ಮಳೆ ನೀರಿನಲ್ಲಿ ಇದನ್ನೇ ಮಾಡಿದ್ದೇನೆ, ಪ್ರಾರ್ಥನೆ ಒಂದು ಬಿಟ್ಟು. ಈ ಹಸ್ತಪ್ರತಿಯನ್ನು ಲಂಡನ್ನಿನ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ವಾಪಸ್ ಕಳಿಸಿದರು. ಬೇಸತ್ತು, ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ಇಂಗ್ಲೆಂಡಿನಲ್ಲಿದ್ದ ಗೆಳೆಯನಿಗೆ ಬರೆದರು. ಗೆಳೆಯ ಹಾಗೆ ಮಾಡದೆ ಲೇಖಕ ಗ್ರಹಾಂ ಗ್ರೀನ್ ಕೈಗೆ ಕೊಟ್ಟ. 1935ರಲ್ಲಿ ಪುಸ್ತಕ ಬಂತು.

ದುಡ್ಡು ಮಾತ್ರ ಹೆಚ್ಚು ಬರಲಿಲ್ಲ. ಮದರಾಸಿನ ‘ಜಸ್ಟೀಸ್’ ಪತ್ರಿಕೆಗೆ ಮೈಸೂರಿನ ಸುದ್ದಿ ಕಳಿಸುತ್ತಾ ಊರು ಅಲೆದರು. 1939ರಲ್ಲಿ ಹೆಂಡತಿ ರಾಜಂ ಟೈಫಾಯ್ಡ್‌ನಿಂದ ತೀರಿಕೊಂಡರು. ಕೈಯಲ್ಲಿ ಪುಟ್ಟ ಮಗಳು. ಬರವಣಿಗೆಯೇ ನಿಂತುಹೋಯಿತು. ಮತ್ತೆ ಮದುವೆಯಾಗಲಿಲ್ಲ. ಆ ದುಃಖವನ್ನೇ ಇಟ್ಟುಕೊಂಡು ಬರೆದ ‘ದಿ ಇಂಗ್ಲಿಷ್ ಟೀಚರ್’ ಬಂದದ್ದು 1945ರಲ್ಲಿ.

ಅಷ್ಟಾದರೂ ಅವರ ಕಥೆಗಳಲ್ಲಿ ನಾಯಿ, ಮೇಕೆ, ಆನೆ, ಹುಲಿ ಬರುತ್ತಲೇ ಇದ್ದವು. ನನಗೆ ಇಷ್ಟವಾದದ್ದು ಅಟಿಲಾ ಎಂಬ ನಾಯಿ. ಕಳ್ಳರ ಭಯಕ್ಕೆ ಮನೆಯವರು ನಾಯಿ ತಂದು, ಯುರೋಪನ್ನೇ ನಡುಗಿಸಿದ ರಾಜನ ಹೆಸರಿಡುತ್ತಾರೆ. ಅದೋ, ಕಂಡವರಿಗೆಲ್ಲ ಬಾಲ ಅಲ್ಲಾಡಿಸುವ ಜಾತಿ. ಕೊನೆಗೆ ಒಡವೆ ಕದ್ದು ಓಡುವ ಕಳ್ಳನ ಮೇಲೂ ಪ್ರೀತಿ ಉಕ್ಕಿ, ಬೆನ್ನು ಹತ್ತಿ, ಕಾಲಿಗೆ ಸಿಕ್ಕಿಕೊಂಡು ಅವನನ್ನು ಹಿಡಿಸಿಬಿಡುತ್ತದೆ. ಊರೆಲ್ಲ ನಾಯಿಯನ್ನು ಹೊಗಳುತ್ತದೆ. ನಮ್ಮ ಬೀದಿಯ ಕರಿಯನೂ ಹೀಗೆಯೇ: ಕೊರಿಯರ್ ಹುಡುಗನ ಜೊತೆ ಗೇಟಿನವರೆಗೆ ಹೋಗಿ ಬೀಳ್ಕೊಟ್ಟು, ನಾನು ಬಂದರೆ ಬೊಗಳುತ್ತದೆ. ‘ದಿ ಮ್ಯಾನ್-ಈಟರ್ ಆಫ್ ಮಾಲ್ಗುಡಿ’ಯಲ್ಲಂತೂ ಪ್ರಾಣಿಗಳನ್ನು ಕೊಂದು ತೊಗಲಿಗೆ ಹುಲ್ಲು ತುಂಬುವ ದೈತ್ಯ ವಾಸು, ದೇವಸ್ಥಾನದ ಆನೆಯನ್ನು ಹೊಡೆಯಲು ಕೂತವನು, ಹಣೆ ಮೇಲಿನ ಸೊಳ್ಳೆಗೆ ಹೊಡೆದುಕೊಂಡು ತನ್ನ ಏಟಿಗೆ ತಾನೇ ಸಾಯುತ್ತಾನೆ. 1983ರಲ್ಲಿ ಬಂದ ಕಾದಂಬರಿಯಲ್ಲಿ ಹುಲಿಯೇ ತನ್ನ ಕಥೆ ಹೇಳುತ್ತದೆ. ರಾಜ್ಯಸಭೆಗೆ ಹೋದಾಗಲೂ ಈ ಕಣ್ಣು ಬಿಡಲಿಲ್ಲ. ಭಾರದ ಶಾಲಾ ಬ್ಯಾಗ್ ಹೊತ್ತು ಮಕ್ಕಳು ಬೆನ್ನು ಬಾಗಿ, ಚಿಂಪಾಂಜಿಯಂತೆ ಕೈ ಜೋತುಬಿಟ್ಟು ನಡೆಯುತ್ತಿದ್ದಾರೆ ಎಂದು ಸದನದಲ್ಲಿ ದೂರಿದರು.

ಯಾದವಗಿರಿಯ ಮನೆಯಲ್ಲಿ ಅವರು ಬರೆಯುತ್ತಿದ್ದ ಕೋಣೆಗೆ ಎಂಟು ಕಿಟಕಿ. ಆಗ ಅಲ್ಲಿಂದ ಚಾಮುಂಡಿ ಬೆಟ್ಟ ಕಾಣುತ್ತಿತ್ತು, ಸುತ್ತ ಬಯಲಿನಲ್ಲಿ ಕುರಿ, ದನ ಮೇಯುತ್ತಿದ್ದವು. 2011ರಲ್ಲಿ ಈ ಮನೆಯನ್ನು ಕೆಡವಲು ಶುರು ಮಾಡಿದ್ದರು. ಜನ ತಡೆದರು, ಈಗ ಮ್ಯೂಸಿಯಂ ಆಗಿದೆ. ನಾನು ಹೋದಾಗ ಕಿಟಕಿಯ ಹೊರಗೆ ಒಂದು ಕಾಗೆ ಕೂತು ಒಳಗಿದ್ದ ನಮ್ಮನ್ನೇ ತಲೆ ಓರೆ ಮಾಡಿ ನೋಡುತ್ತಿತ್ತು. ಇಂಥ ಕಾಗೆಗಳನ್ನೇ ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಜೀವನವಿಡೀ ಬರೆದದ್ದು.

ಬ್ಯಾಕ್ ಪೇಪರ್ ಮುಂದಿನ ತಿಂಗಳಿದೆ, ಓದುತ್ತಿದ್ದೇನೆ. ಅಮ್ಮ ಈಗ ಹಪ್ಪಳದ ಮೇಲೆ ಹಳೇ ಸೀರೆ ಹೊದಿಸುತ್ತಾರೆ. ಅಳಿಲು ನಿನ್ನೆಯಿಂದ ಸೀರೆಯ ಕೆಳಗೆ ನುಗ್ಗುವುದನ್ನು ಕಲಿತಿದೆ. ಮೊದಲು ನೋಡಿದ್ದು ಅಮ್ಮನೇ, ಬಾ ನೋಡು ಎಂದು ನನ್ನನ್ನು ಕೂಗಿದರು.