ಆಲೂಗಡ್ಡೆಯೊಳಗಿನ ಲಾಳಿ: ಕಮಲಾ ಸೊಹೊನಿ

ಬಯಾಲಜಿ ಫಾರ್ ಎಂಜಿನಿಯರ್ಸ್ ಸಬ್ಜೆಕ್ಟಿನಲ್ಲಿ ಸೈಟೋಕ್ರೋಮ್ ಸಿ ಅಂತ ಒಂದು ಹೆಸರು ಬರುತ್ತೆ. ಎರಡು ಮಾರ್ಕಿನ ಪ್ರಶ್ನೆ, ಬರೆದು ಮುಂದೆ ಹೋಗ್ತೀವಿ. ಗಿಡದ ಕೋಶಗಳಲ್ಲೂ ಅದು ಇದೆ ಅಂತ ತೋರಿಸಿದವರು ಬೆಂಗಳೂರಿನಲ್ಲಿ ಸಂಶೋಧನೆ ಕಲಿತ ಒಬ್ಬ ಹೆಣ್ಣುಮಗಳು. ಅವರನ್ನು ಸೇರಿಸಿಕೊಳ್ಳಲು ಅಲ್ಲಿನ ಸಂಸ್ಥೆ ಮೊದಲು ಒಪ್ಪಿರಲಿಲ್ಲ.

ಕಮಲಾ ಭಾಗವತ್ ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ಅಪ್ಪ ನಾರಾಯಣರಾವ್, ಚಿಕ್ಕಪ್ಪ ಮಾಧವರಾವ್ ಇಬ್ಬರೂ ಕೆಮಿಸ್ಟ್‌ಗಳು. ಇಬ್ಬರೂ ಓದಿದ್ದು ಬೆಂಗಳೂರಿನ ಟಾಟಾ ಇನ್ಸ್ಟಿಟ್ಯೂಟಿನಲ್ಲೇ, ಅಂದರೆ ಇಂದಿನ ಐಐಎಸ್ಸಿಯಲ್ಲಿ. ಮರಾಠಿ ಓದುವ ಮನೆಗಳಲ್ಲಿ ದುರ್ಗಾ ಭಾಗವತ್ ಹೆಸರು ಕೇಳಿರಬಹುದು. ಆ ಲೇಖಕಿ ಇವರ ಅಕ್ಕ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಕಮಲಾ ಬಿ.ಎಸ್ಸಿ ಮುಗಿಸಿದರು. ಅಪ್ಪ, ಚಿಕ್ಕಪ್ಪ ಓದಿದ ಜಾಗಕ್ಕೆ ಅರ್ಜಿ ಹಾಕಿದ್ದು ಸಹಜವೇ.

ಅರ್ಜಿ ತಿರಸ್ಕಾರ ಆಯ್ತು. ಆಗ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಹೆಣ್ಣುಮಕ್ಕಳನ್ನು ಸಂಶೋಧನೆಗೆ ತೆಗೆದುಕೊಳ್ಳುವುದಿಲ್ಲ ಅನ್ನೋದೇ ಕಾರಣ. ಕಮಲಾ ಸುಮ್ಮನೆ ಊರಿಗೆ ಹೋಗಲಿಲ್ಲ. ಗಾಂಧಿ ಕಾಲದ ಹುಡುಗಿ, ರಾಮನ್ ಆಫೀಸಿನ ಮುಂದೆ ಸತ್ಯಾಗ್ರಹಕ್ಕೆ ಕೂತರು. ಕೊನೆಗೆ ಷರತ್ತುಗಳ ಮೇಲೆ ಸೀಟು ಸಿಕ್ಕಿತು. ಮೊದಲ ವರ್ಷ ಅವರು ರೆಗ್ಯುಲರ್ ವಿದ್ಯಾರ್ಥಿನಿ ಅಲ್ಲ. ಗೈಡ್ ಹೇಳಿದರೆ ರಾತ್ರಿ ಎಷ್ಟೇ ಹೊತ್ತಾದರೂ ಕೆಲಸ ಮಾಡಬೇಕು. ಲ್ಯಾಬಿನ ವಾತಾವರಣ ಕೆಡಿಸಬಾರದು.

ಈ ಮೂರನೆಯ ಷರತ್ತನ್ನು ನಾವು ಇನ್ನೊಮ್ಮೆ ಓದಿದೆವು. ಉಳಿದ ಹುಡುಗರ ಗಮನ ಬೇರೆ ಕಡೆ ಹೋದರೆ ತಪ್ಪು ಕಮಲಾ ಅವರದು, ಹುಡುಗರದ್ದಲ್ಲ. ಫೆಬ್ರವರಿ 28ಕ್ಕೆ ನಾವೂ ರಾಮನ್ ಫೋಟೋಗೆ ಹಾರ ಹಾಕುವವರೇ, ಮುಂದೆಯೂ ಹಾಕ್ತೀವಿ. ಆದರೆ ಇದು ಆ ಕಾಲದಲ್ಲಿ ಹಾಗೇ ಇತ್ತು ಬಿಡಿ ಅಂತ ದಾಟಿಸುವ ಮಾತಲ್ಲ. ಅದೇ ಕಾಲದಲ್ಲಿ ಅದೇ ಸಂಸ್ಥೆಯ ಶ್ರೀನಿವಾಸಯ್ಯ ಎಂಬ ಮೇಷ್ಟ್ರು ಈ ಹುಡುಗಿಗೆ ಮನಸ್ಸಿಟ್ಟು ಕಲಿಸಿದರು. ಅವರ ಕೈಕೆಳಗೆ ಹಾಲು, ಬೇಳೆಕಾಳುಗಳಲ್ಲಿರುವ ಪ್ರೋಟೀನ್‌ಗಳ ಮೇಲೆ ಕಮಲಾ ಕೆಲಸ ಮಾಡಿದರು. ವರ್ಷ ಮುಗಿದಾಗ ರಾಮನ್ ಅವರಿಗೂ ಸಮಾಧಾನವಾಯಿತು, ಸೀಟು ಖಾಯಂ ಆಯಿತು, ಬೇರೆ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. 1936ರಲ್ಲಿ ಕಮಲಾ ಎಂ.ಎಸ್ಸಿ ಮುಗಿಸಿದರು. ಆ ಒಂದು ವರ್ಷದ ಅವಮಾನವನ್ನು ಮಾತ್ರ ಕೊನೆಯ ತನಕ ಮರೆಯಲಿಲ್ಲ, ಮುದಿ ವಯಸ್ಸಿನಲ್ಲಿ ಸಭೆಯಲ್ಲಿ ನಿಂತು ಅದನ್ನು ಹೇಳಿಯೇ ಹೇಳಿದರು.

ಅಲ್ಲಿಂದ ಸ್ಕಾಲರ್‌ಶಿಪ್ ಮೇಲೆ ಕೇಂಬ್ರಿಡ್ಜ್. ಅಲ್ಲಿ ಬಯೋಕೆಮಿಸ್ಟ್ರಿ ವಿಭಾಗ ನೋಬೆಲ್ ಪಡೆದ ಫ್ರೆಡರಿಕ್ ಹಾಪ್ಕಿನ್ಸ್ ಅವರದು. ಮೊದಲು ಡೆರೆಕ್ ರಿಕ್ಟರ್ ತಮ್ಮ ಲ್ಯಾಬಿನಲ್ಲಿ ಜಾಗ ಕೊಟ್ಟರು. ಅವರು ಬೇರೆ ಕಡೆ ಹೋದ ಮೇಲೆ ಕಮಲಾ ರಾಬಿನ್ ಹಿಲ್ ಹತ್ತಿರ ಬಂದರು. ಹಿಲ್ ಗಿಡಗಳ ಮೇಲೆ ಕೆಲಸ ಮಾಡುವವರು. ಕಮಲಾ ಕೈಗೆ ಬಂದಿದ್ದು ಆಲೂಗಡ್ಡೆ, ನಮ್ಮ ಕಡೆಯ ಬಟಾಟಿ. ಅದರಲ್ಲಿ ಸೈಟೋಕ್ರೋಮ್ ಸಿ ಇರುವುದನ್ನು ಅವರು ಕಂಡುಕೊಂಡರು. ಆಲೂಗಡ್ಡೆ ಒಂದರಲ್ಲೇ ಅಲ್ಲ, ಗಿಡಗಳ ಎಲ್ಲ ಕೋಶಗಳಲ್ಲೂ ಇದು ಕೆಲಸ ಮಾಡುತ್ತೆ ಅಂತ ತೋರಿಸಿದರು. ಥೀಸಿಸ್ ಸುಮಾರು 40 ಪುಟ, ಕೆಲಸ 14 ತಿಂಗಳು. ನಮ್ಮ ಒಂದು ಸೆಮಿಸ್ಟರಿನ ಲ್ಯಾಬ್ ರೆಕಾರ್ಡ್ ಅದಕ್ಕಿಂತ ದಪ್ಪ ಇರುತ್ತೆ.

ಈ ಸೈಟೋಕ್ರೋಮ್ ಮಾಡುವ ಕೆಲಸ ರಬಕವಿ-ಬನಹಟ್ಟಿಯವರಿಗೆ ಬೇಗ ತಿಳಿಯುತ್ತೆ, ಯಾಕಂದ್ರೆ ಇದೊಂದು ಲಾಳಿ. ಮಗ್ಗದಲ್ಲಿ ಲಾಳಿ ಈ ಕಡೆಯಿಂದ ಆ ಕಡೆಗೆ ನೂಲು ಒಯ್ದ ಹಾಗೆ ಇದು ಒಂದು ಸಲಕ್ಕೆ ಒಂದು ಎಲೆಕ್ಟ್ರಾನ್ ಒಯ್ಯುತ್ತೆ. ಅದರ ಹೊಟ್ಟೆಯಲ್ಲಿರುವ ಕಬ್ಬಿಣದ ಒಂದು ಪರಮಾಣು ಎಲೆಕ್ಟ್ರಾನನ್ನು ಹಿಡಿಯುತ್ತೆ, ಬಿಡುತ್ತೆ. ಲಾಳಿ ಓಡಾಡುವ ಜಾಗ ಮೈಟೋಕಾಂಡ್ರಿಯಾದ ಒಳಪೊರೆಯ ಮೈಮೇಲೆ. ಕೋಶದ ಹೊರಪೊರೆಯಂತೆ ಈ ಪೊರೆಯೂ ಎರಡು ಪದರದ ಕೊಬ್ಬು. ನೀರಿಗೆ ಒಗ್ಗುವ ತಲೆಗಳು ಎರಡೂ ಹೊರಮೈಯಲ್ಲಿ, ಒಗ್ಗದ ಬಾಲಗಳು ನಡುವೆ. ದಪ್ಪ ಸುಮಾರು 5 ನ್ಯಾನೋಮೀಟರ್. ಆಕ್ಸಿಜನ್ ಸುಲಭವಾಗಿ ತೂರಿ ಹೋಗುತ್ತೆ. ಆದರೆ ಚಾರ್ಜ್ ಇರುವ ಕಣಕ್ಕೆ ಆ ಕೊಬ್ಬು ಗೋಡೆ ಇದ್ದ ಹಾಗೆ, ಪೊರೆಯಲ್ಲಿ ಹೂತಿರುವ ಪ್ರೋಟೀನ್ ದಾರಿ ಬಿಟ್ಟರೆ ಮಾತ್ರ ದಾಟಬಹುದು. ಎಲೆಕ್ಟ್ರಾನ್‌ಗಳು ಆಕ್ಸಿಜನ್ ಕಡೆಗೆ ಇಳಿಯುತ್ತಾ ಹೋದಾಗ ಸಿಗುವ ಶಕ್ತಿಯಲ್ಲಿ ಆ ಪ್ರೋಟೀನ್‌ಗಳು ಪ್ರೋಟಾನ್‌ಗಳನ್ನು ಪೊರೆಯಾಚೆಗೆ ಪಂಪ್ ಮಾಡ್ತವೆ.

ಮುಂದಿನದನ್ನು ಆಲಮಟ್ಟಿ ನೋಡಿದವರಿಗೆ ವಿವರಿಸುವುದೇ ಬೇಡ. ಕೃಷ್ಣೆಯ ನೀರು ಡ್ಯಾಮಿನ ಹಿಂದೆ ಏರಿ, ಟರ್ಬೈನ್ ತಿರುಗಿಸುತ್ತಾ ಕೆಳಗಿಳಿಯುತ್ತೆ; ಅಲ್ಲಿನ ಪವರ್‌ಹೌಸ್ 290 ಮೆಗಾವಾಟಿನದು. ಇಲ್ಲಿ ನೀರಿನ ಬದಲು ಪ್ರೋಟಾನ್. ಪೊರೆಯಾಚೆ ಸೇರಿದ ಪ್ರೋಟಾನ್‌ಗಳು ವಾಪಸ್ ಬರುವ ದಾರಿಯಲ್ಲಿ ಎಟಿಪಿ ಸಿಂಥೇಸ್ ಎಂಬ ಪ್ರೋಟೀನ್ ನಿಜವಾಗಿಯೂ ಗರಗರ ತಿರುಗುತ್ತೆ, ಎಟಿಪಿ ತಯಾರಾಗುತ್ತೆ. ಇಇ ಬ್ರಾಂಚಿನವರಿಗೆ ಒಂದು ಲೆಕ್ಕ: ಪೊರೆಯ ಎರಡೂ ಕಡೆ ಇರುವ ವ್ಯತ್ಯಾಸ ಸುಮಾರು 150 ಮಿಲಿವೋಲ್ಟ್ ಅಂದುಕೊಂಡು 5 ನ್ಯಾನೋಮೀಟರಿನಿಂದ ಭಾಗಿಸಿ. ಮೀಟರಿಗೆ 3 ಕೋಟಿ ವೋಲ್ಟ್ ಬರುತ್ತೆ. ಗಾಳಿ ಮೀಟರಿಗೆ ಸುಮಾರು 30 ಲಕ್ಷ ವೋಲ್ಟಿಗೇ ಸೋತು ಕಿಡಿ ಹಾರುತ್ತೆ. ಅದರ ಹತ್ತು ಪಟ್ಟನ್ನು ನಮ್ಮ ಮೈಯ ಈ ಕೊಬ್ಬಿನ ಪೊರೆ ದಿನಾ ತಡೆದುಕೊಂಡಿದೆ.

1939ರಲ್ಲಿ ಕಮಲಾ ಡಾಕ್ಟರೇಟ್ ಪಡೆದಾಗ ಈ ಡ್ಯಾಮಿನ ಕಥೆ ಯಾರಿಗೂ ಗೊತ್ತಿರಲಿಲ್ಲ. ಪೀಟರ್ ಮಿಚೆಲ್ ಅದನ್ನು ಹೇಳಿದ್ದು 1961ರಲ್ಲಿ, ಅದಕ್ಕೆ ನೋಬೆಲ್ ಬಂದಿದ್ದು 1978ರಲ್ಲಿ. ಕಮಲಾ ತೋರಿಸಿದ್ದು ಇಷ್ಟು: ಉಸಿರಾಟದ ಈ ಯಂತ್ರದ ಒಂದು ಭಾಗ ಪ್ರಾಣಿಗಳಲ್ಲಿ, ಯೀಸ್ಟಿನಲ್ಲಿ ಇದ್ದಂತೆ ಗಿಡದಲ್ಲೂ ಇದೆ. ಮಗ್ಗ ಪೂರ್ತಿ ಕಾಣುವ ಮೊದಲೇ ಲಾಳಿ ಸಿಕ್ಕಿತ್ತು. ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದ ಮೊದಲ ಭಾರತೀಯ ಮಹಿಳೆ ಅಂತ ಅವರನ್ನು ಕರೀತಾರೆ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲೇ ಮಿಷಿಗನ್‌ನಿಂದ ಡಿ.ಎಸ್ಸಿ ತಂದಿದ್ದರು, ಹಾಗಾಗಿ ಈ ಮೊದಲು ಅನ್ನುವ ಪಟ್ಟಕ್ಕೆ ನಾವು ಜಗಳಕ್ಕೆ ಬೀಳುವುದಿಲ್ಲ.

ವಿದೇಶದಲ್ಲೇ ಉಳಿಯದೆ 1939ರಲ್ಲೇ ವಾಪಸ್ ಬಂದರು. ದೆಹಲಿಯ ಲೇಡಿ ಹಾರ್ಡಿಂಜ್ ಮೆಡಿಕಲ್ ಕಾಲೇಜು, ಆಮೇಲೆ ಕೂನೂರಿನ ಪೋಷಣಾ ಸಂಶೋಧನಾಲಯ. 1947ರಲ್ಲಿ ಎಂ.ವಿ. ಸೊಹೊನಿ ಅವರನ್ನು ಮದುವೆಯಾಗಿ ಮುಂಬಯಿಗೆ ಬಂದು ರಾಯಲ್ ಇನ್ಸ್ಟಿಟ್ಯೂಟ್ ಆಫ್ ಸೈನ್ಸ್ ಸೇರಿದರು. ಅಲ್ಲಿ ಮತ್ತೆ ಬೇಳೆಕಾಳು, ಜೊತೆಗೆ ನೀರಾ. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಸೂಚಿಸಿದ ಕೆಲಸ ಅದು. ಮರದಿಂದ ಇಳಿಸಿದ ಆ ರಸದಲ್ಲಿ ವಿಟಮಿನ್, ಕಬ್ಬಿಣ ಇವೆ, ಬಡ ಗರ್ಭಿಣಿಯರಿಗೆ, ಬುಡಕಟ್ಟಿನ ಮಕ್ಕಳಿಗೆ ಅಗ್ಗದ ಪೋಷಣೆ ಆಗುತ್ತೆ ಅಂತ ತೋರಿಸಿದರು. ರಾಷ್ಟ್ರಪತಿ ಪ್ರಶಸ್ತಿಯೂ ಬಂತು. ನಿರ್ದೇಶಕಿಯ ಹುದ್ದೆ ಮಾತ್ರ ವರ್ಷಗಟ್ಟಲೆ ತಡವಾಗಿ ಸಿಕ್ಕಿತು. ಅಲ್ಲೂ ಬಾಗಿಲಲ್ಲಿ ಕಾಯಿಸಿದರು ಅಂತಲೇ ನಮಗನಿಸುತ್ತೆ.

1998ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅವರನ್ನು ದೆಹಲಿಗೆ ಕರೆಸಿ ಸನ್ಮಾನ ಇಟ್ಟುಕೊಂಡಿತು. ಆ ಸಮಾರಂಭದಲ್ಲೇ ಕಮಲಾ ಕುಸಿದು ಬಿದ್ದರು. ಅದಾಗಿ ಸ್ವಲ್ಪ ದಿನಕ್ಕೆ ತೀರಿಕೊಂಡರು.